ಗಿರಿ ಎಷ್ಟು ಜನರನ್ನು ಹೊತ್ತೀತು?

ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಲೆಕ್ಕದಲ್ಲಿ 2023ರಲ್ಲಿ ಕರ್ನಾಟಕ ಕಂಡ ದೇಶೀಯ ಪ್ರವಾಸಿಗರ ಭೇಟಿ 28 ಕೋಟಿ ದಾಟಿದೆ. 2011ರ ಜನಗಣತಿಯ ಪ್ರಕಾರ ರಾಜ್ಯದ ಜನಸಂಖ್ಯೆಯೇ 6.11 ಕೋಟಿ. ಓದಿದವರಿಗೆ ಗಾಬರಿಯಾಗಬೇಕು. ಆಗುವುದಿಲ್ಲ, ಯಾಕೆಂದರೆ ಈ ಅಂಕಿ ಪ್ರತಿ ವರ್ಷ ಸಾಧನೆಯ ಪಟ್ಟಿಯಲ್ಲಿ ಬರುತ್ತದೆ. ಇದು ತಲೆಗಳ ಲೆಕ್ಕವೂ ಅಲ್ಲ, ಭೇಟಿಗಳ ಲೆಕ್ಕ. ಧರ್ಮಸ್ಥಳ, ಹೊರನಾಡು, ಶೃಂಗೇರಿ ಮುಗಿಸಿಕೊಂಡು ಬರುವ ಒಂದು ಸಂಸಾರ ಮೂರು ಕಡೆಯೂ ಎಣಿಕೆಗೆ ಸಿಗಬಹುದು. ನೆಂಟರ ಮನೆಯಲ್ಲಿ ಉಳಿದು, ಗಿರಿ ನೋಡಿಕೊಂಡು, ಬೆಳಿಗ್ಗೆ ಬಸ್ಸು ಹತ್ತಿದವರು ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ.

ಎಣಿಕೆ ತಪ್ಪು ಎಂಬುದು ನನ್ನ ತಕರಾರಲ್ಲ. ಎಣಿಸಿದ್ದು ಬಂದವರನ್ನು ಮಾತ್ರ. ಅವರು ಎಷ್ಟು ನೀರು ಬಳಸಿದರು, ಏನು ಬಿಟ್ಟುಹೋದರು, ಅವರ ದುಡ್ಡು ಯಾರ ಕೈಗೆ ಹೋಯಿತು, ಊರಿನವರಿಗೆ ಅವರು ಬಂದದ್ದು ಬೇಕಿತ್ತೇ ಬೇಡವಿತ್ತೇ ಎಂಬ ಕಾಲಂ ಆ ಪುಸ್ತಕದಲ್ಲಿ ಇಲ್ಲ.

ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಯನ್ನೇ ನೋಡಿ. 1,930 ಮೀಟರ್ ಎತ್ತರದ ಈ ಶಿಖರ ರಾಜ್ಯದಲ್ಲೇ ಎಲ್ಲಕ್ಕಿಂತ ಎತ್ತರದ್ದು. ಬೆಂಗಳೂರಿನಿಂದ ಐದಾರು ತಾಸಿನ ದಾರಿ. ಶನಿವಾರ, ಭಾನುವಾರ, ಜೊತೆಗೊಂದು ಸೋಮವಾರದ ರಜೆ ಸೇರಿತೆಂದರೆ ಕೈಮರದ ಚೆಕ್‌ಪೋಸ್ಟಿನಿಂದ ಸೀತಾಳಯ್ಯನಗಿರಿಯ ತನಕ ಗಾಡಿಗಳ ಸಾಲು. ಒಂದು ಕಡೆ ಬೆಟ್ಟದ ಗೋಡೆ, ಇನ್ನೊಂದು ಕಡೆ ಕಮರಿ. ಎದುರಿನಿಂದ ಟೆಂಪೊ ಟ್ರಾವೆಲರ್ (ಟಿ.ಟಿ.) ಬಂದರೆ ಕಾರು ಹಿಂದಕ್ಕೆ ಹೋಗಬೇಕು, ಹಿಂದೆ ಇನ್ನೂ ಹತ್ತು ಕಾರು. 2025ರ ಸೆಪ್ಟೆಂಬರ್‌ನಿಂದ ಜಿಲ್ಲಾಡಳಿತ ಆನ್‌ಲೈನ್ ನೋಂದಣಿ ಕಡ್ಡಾಯ ಮಾಡಿತು. ಬೆಳಿಗ್ಗೆ 600, ಮಧ್ಯಾಹ್ನದ ಮೇಲೆ 600, ದಿನಕ್ಕೆ ಒಟ್ಟು 1,200 ವಾಹನ.

ಏನೂ ಇಲ್ಲದಿದ್ದ ಕಡೆ ಇದು ಒಳ್ಳೆಯ ಹೆಜ್ಜೆಯೇ. ಆದರೆ ಇದು ಮುಖ್ಯವಾಗಿ ರಸ್ತೆಯ ಅಳತೆ. ಬೈಕಿನಲ್ಲಿ ಇಬ್ಬರು ಬರುತ್ತಾರೆ, ಟಿ.ಟಿ.ಯಲ್ಲಿ ಹನ್ನೆರಡು ಮಂದಿ. ಮೆಟ್ಟಿಲು ಹತ್ತುವ ಕಾಲುಗಳ ಲೆಕ್ಕ ಇದರಿಂದ ಸಿಗುವುದಿಲ್ಲ. ಜೂನ್‌ನ ಜಡಿಮಳೆಗೂ, ಹುಲ್ಲು ಒಣಗಿ ಬೆಂಕಿಗೆ ಕಾದಿರುವ ಫೆಬ್ರುವರಿಗೂ ಒಂದೇ ಅಂಕಿ ಹೊಂದುವುದೂ ಕಷ್ಟ.

ಹಾಗಾದರೆ ಒಂದು ಜಾಗ ಎಷ್ಟು ಜನರನ್ನು ತಾಳುತ್ತದೆ ಎಂದು ಹೇಳುವುದು ಹೇಗೆ? ಇದಕ್ಕೆ ಧಾರಣಾ ಸಾಮರ್ಥ್ಯ ಎಂಬ ಹೆಸರಿದೆ. 1992ರಲ್ಲಿ ಮಿಗೆಲ್ ಸಿಫುಯೆಂಟಿಸ್ ಕೋಸ್ಟರೀಕಾದಲ್ಲಿ ರೂಪಿಸಿದ ಲೆಕ್ಕವನ್ನು ಅನೇಕ ದೇಶಗಳಲ್ಲಿ ಬಳಸುತ್ತಾರೆ. ಕಾಗದ, ಪೆನ್ನು ಸಾಕು. ಉದಾಹರಣೆಗೆ ಒಂದು ಕಿಲೋಮೀಟರ್ ಕಾಲುದಾರಿ ಇದೆ ಎನ್ನಿ. ಒಬ್ಬರಿಗೆ ಒಂದು ಮೀಟರ್ ಜಾಗ ಕೊಟ್ಟರೆ ಏಕಕಾಲಕ್ಕೆ 1,000 ಜನ. ದಾರಿ ಎಂಟು ತಾಸು ತೆರೆದಿರುತ್ತದೆ, ಹೋಗಿಬರಲು ಎರಡು ತಾಸು ಬೇಕು. ನಾಲ್ಕು ಸರದಿ, ದಿನಕ್ಕೆ 4,000. ಇದು ಬಸ್ಸಿನ ಸೀಟು ಎಣಿಸುವ ಲೆಕ್ಕ. ಈಗ ಕಳೆಯಲು ಶುರುಮಾಡಿ. ಹತ್ತು ಜನರ ಗುಂಪು, ಗುಂಪು ಗುಂಪಿನ ನಡುವೆ ಐವತ್ತು ಮೀಟರ್ ಅಂತರ ಎಂದರೆ ದಾರಿಯಲ್ಲಿ ಒಮ್ಮೆಗೆ ಹದಿನಾರೇ ಗುಂಪು. ದಿನಕ್ಕೆ 640 ಜನ. ನಾಲ್ಕು ತಿಂಗಳು ಮಳೆಗೆ ಹೋಯಿತು, ಸರಾಸರಿ 427. ಅರ್ಧ ದಾರಿ ಸವೆದು ಕೊಚ್ಚಿಹೋಗುವ ಮಣ್ಣಿನದು, 213. ನೋಡಿಕೊಳ್ಳಲು ಹತ್ತು ಸಿಬ್ಬಂದಿ ಬೇಕು, ಇರುವುದು ನಾಲ್ಕು. ಉಳಿದದ್ದು 85.

ನಾಲ್ಕು ಸಾವಿರದಿಂದ ಎಂಬತ್ತೈದಕ್ಕೆ! ಇದು ಮಾದರಿ ಲೆಕ್ಕ, ಯಾವ ಬೆಟ್ಟದ್ದೂ ಅಲ್ಲ. ಆದರೆ ಕೊನೆಯ ಕಳೆಯುವಿಕೆಯನ್ನು ಗಮನಿಸಿ: ಬೆಟ್ಟ ಬದಲಾಗಲಿಲ್ಲ, ಕಾವಲುಗಾರರ ಸಂಖ್ಯೆ ಮಾತ್ರ ಕಡಿಮೆ ಇತ್ತು. ನಮ್ಮಲ್ಲಿ ಧಾರಣಾ ಸಾಮರ್ಥ್ಯ ಎಂದ ಕೂಡಲೇ ವಿಜ್ಞಾನಿಗಳು ಬಂದು ಮಣ್ಣು ಪರೀಕ್ಷೆ ಮಾಡಿ ಒಂದು ಅಂಕಿ ಹೇಳಿಬಿಡುತ್ತಾರೆ ಎಂಬ ಭಾವನೆ ಇದೆ. ಆ ಅಂಕಿಯ ಅರ್ಧ ಭಾಗ ಖಾಲಿ ಬಿದ್ದ ಫಾರೆಸ್ಟ್ ಗಾರ್ಡ್ ಹುದ್ದೆಯಲ್ಲಿ ಅಡಗಿರುತ್ತದೆ.

ಕುಮಾರ ಪರ್ವತದಲ್ಲಂತೂ ಮಿತಿ ಬಂದದ್ದು ಗಲಾಟೆಯಾದ ಮೇಲೆಯೇ. 2024ರ ಗಣರಾಜ್ಯೋತ್ಸವದ ಸಾಲು ರಜೆಯಲ್ಲಿ ಚಾರಣಿಗರ ಜಾತ್ರೆ ನೆರೆದ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದ ಮೇಲೆ ಸರ್ಕಾರ ಚಾರಣ ನಿಲ್ಲಿಸಿತು. ಆನ್‌ಲೈನ್ ಟಿಕೆಟ್, ದಿನಕ್ಕಿಷ್ಟೇ ಜನ ಎಂಬ ನಿಯಮ ಆಮೇಲೆ ಬಂತು.

ಎಷ್ಟು ಜನ ಎಂಬ ಪ್ರಶ್ನೆಯೇ ಹಾದಿ ತಪ್ಪಿಸುತ್ತದೆ ಎಂದು ವಾದಿಸಿದವರೂ ಇದ್ದಾರೆ. 1985ರಲ್ಲಿ ಅಮೆರಿಕದ ಅರಣ್ಯ ಸೇವೆಯ ಸಂಶೋಧಕರು ಪ್ರಶ್ನೆಯನ್ನೇ ತಿರುಗಿಸಿಟ್ಟರು. ಈ ಜಾಗದಲ್ಲಿ ಎಷ್ಟು ಬದಲಾವಣೆಯನ್ನು ನಾವು ಒಪ್ಪುತ್ತೇವೆ? ಅದನ್ನು ಮೊದಲೇ ಬರೆದಿಡಿ, ಅದನ್ನೇ ಅಳೆಯಿರಿ, ಗೆರೆ ದಾಟಿದ ದಿನ ಏನು ಮಾಡುತ್ತೇವೆ ಎಂಬುದನ್ನೂ ಬರೆದಿಡಿ ಎಂದರು. ನನಗೆ ಈ ದಾರಿಯೇ ಸರಿ ಎನಿಸುತ್ತದೆ. ‘ಇಷ್ಟಾದರೆ ಹೀಗೆ ಮಾಡುತ್ತೇವೆ’ ಎಂಬ ಮಾತು ಜೊತೆಗಿಲ್ಲದ ಅಂಕಿ ಕಪಾಟು ಸೇರುತ್ತದೆ.

ಹಾಗಾದರೆ ಮುಳ್ಳಯ್ಯನಗಿರಿಯಲ್ಲಿ ಅಳೆಯಬೇಕಾದ್ದು ಏನು? ನನ್ನನ್ನು ಕೇಳಿದರೆ ಮೊದಲು ಹುಲ್ಲು ಮತ್ತು ನೀರು. ಬಾಬಾಬುಡನ್ ಗಿರಿಸಾಲಿನ ನೆತ್ತಿಯ ತುಂಬ ಹುಲ್ಲುಗಾವಲು, ಮಡಿಕೆಗಳಲ್ಲಿ ಶೋಲಾ ಕಾಡು. ಸುರಿದ ಮಳೆಯನ್ನು ಇವೆರಡೂ ಹಿಡಿದಿಟ್ಟು ತಿಂಗಳುಗಟ್ಟಲೆ ಬಿಡುತ್ತವೆ. ವೇದಾ, ಅವತಿ ಎಂಬ ಹೊಳೆಗಳು ಹುಟ್ಟುವುದು ಇಲ್ಲೇ. ಅಯ್ಯನಕೆರೆ, ಮದಗದಕೆರೆಗಳಿಗೆ ನೀರು ಕೊಟ್ಟು, ಕಡೂರು ತಾಲ್ಲೂಕಿನಲ್ಲಿ ಕೂಡಿ ವೇದಾವತಿಯಾಗಿ ಅವು ಬಯಲುಸೀಮೆಗೆ ಇಳಿಯುತ್ತವೆ. ಹಿರಿಯೂರಿನ ಹತ್ತಿರ ವಾಣಿವಿಲಾಸ ಸಾಗರಕ್ಕೆ ಸೇರುತ್ತವೆ. 1933ರಲ್ಲಿ ಕೋಡಿ ಬಿದ್ದಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆ ದಿನ ಹಿರಿಯೂರಿನಲ್ಲಿ ಬಾಗಿನ ಹಿಡಿದು ನಿಂತವರಿಗೂ ಮುಳ್ಳಯ್ಯನಗಿರಿಯ ಪಾರ್ಕಿಂಗಿಗೂ ಸಂಬಂಧವಿದೆ ಎಂದರೆ ಯಾರಾದರೂ ನಕ್ಕಾರು. ಆದರೂ ಇದೆ. ಜೀಪಿನ ಚಕ್ರವೋ ಬೂಟುಗಾಲೋ ಹುಲ್ಲಿನ ಹೊದಿಕೆ ಹರಿದಲ್ಲಿ ಮೊದಲು ಒಂದು ಗೀರು ಬೀಳುತ್ತದೆ. ಒಂದು ಮುಂಗಾರಿಗೆ ಗೀರು ಕೊರಕಲಾಗುತ್ತದೆ. ಇಂಗಬೇಕಿದ್ದ ನೀರು ಮಣ್ಣು ಹೊತ್ತು ಓಡುತ್ತದೆ, ಹೂಳು ಕೆಳಗಿನ ಕೆರೆಯಲ್ಲಿ ಕೂರುತ್ತದೆ. ಅದೇ 2022ರಲ್ಲಿ ಈ ಬೆಟ್ಟಗಳಲ್ಲಿ ನೀಲಕುರಿಂಜಿ ಅರಳಿದಾಗ ಜನ ದಾರಿ ಬಿಟ್ಟು ಹೂವಿನ ನಡುವೆಯೇ ನಡೆದರು. ಹನ್ನೆರಡು ವರ್ಷ ಕಾದು ಹೂವು ಬಿಡುವ ಗಿಡದ ಮೇಲೆ ಕಾಲಿಟ್ಟು ಸೆಲ್ಫಿ.

ಇದನ್ನು ಅಳೆಯಲು ಉಪಗ್ರಹವೇನೂ ಬೇಕಿಲ್ಲ. ಕಾಲುದಾರಿಯ ಅಗಲವನ್ನು ವರ್ಷಕ್ಕೆರಡು ಸಲ, ಗುರುತು ಮಾಡಿದ ಅದೇ ಜಾಗಗಳಲ್ಲಿ ಟೇಪು ಹಿಡಿದು ನೋಡಿದರೆ ಸಾಕು. ಕೆಳಗಿನ ಹಳ್ಳದ ನೀರಿನಲ್ಲಿ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಎಷ್ಟಿದೆ ಎಂದು ಮಳೆಗಾಲದ ಮೊದಲು, ಆಮೇಲೆ ಪರೀಕ್ಷಿಸಿದರೆ ಹೋಂಸ್ಟೇಗಳ ಪಾಯಿಖಾನೆ ಗುಂಡಿಗಳ ಕತೆ ತಿಳಿಯುತ್ತದೆ. ಇಂಥ ಶಿಸ್ತು ನಮ್ಮಲ್ಲಿ ಇಲ್ಲವೆಂದೂ ಅಲ್ಲ. 2020ರಲ್ಲಿ, ಸ್ವಚ್ಛ ತೀರಕ್ಕೆ ಸಿಗುವ ಬ್ಲೂ ಫ್ಲ್ಯಾಗ್ ಬಾವುಟ ಪಡೆದ ದೇಶದ ಮೊದಲ ಎಂಟು ಕಡಲತೀರಗಳಲ್ಲಿ ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ಸೇರಿದವು. ಮೂವತ್ಮೂರು ಮಾನದಂಡ, ನೀರಿನ ಮಾದರಿಗಳ ನಡುವೆ 31 ದಿನಕ್ಕಿಂತ ಹೆಚ್ಚು ಅಂತರ ಇರಕೂಡದು, ಫಲಿತಾಂಶವನ್ನು ದಡದಲ್ಲೇ ಬೋರ್ಡಿಗೆ ಹಾಕಬೇಕು, ಬಾವುಟ ಒಂದೇ ವರ್ಷಕ್ಕೆ, ಮತ್ತೆ ಗಳಿಸಬೇಕು. ಬೋರ್ಡಿಗೆ ಹಾಕುವುದೇ ಇದರಲ್ಲಿ ನನಗೆ ಹಿಡಿಸಿದ ಭಾಗ. ಬಾವುಟದ ಅಳತೆ ಬೇಲಿಯ ಒಳಗಿನ ಮರಳಿಗೆ ಮಾತ್ರ ಎಂಬುದೂ ನಿಜ. ಬೇಲಿಯಾಚೆ ದೋಣಿ ಎಳೆಯುವವರ ಬದುಕು ಹೇಗಿದೆ ಎಂದು ಅದು ಕೇಳುವುದಿಲ್ಲ.

ಯುರೋಪಿನವರು ಅದನ್ನೂ ಕೇಳಿಕೊಂಡಿದ್ದಾರೆ. ಯುರೋಪಿಯನ್ ಕಮಿಷನ್ 2013ರಲ್ಲಿ ತಂದು 2016ರಲ್ಲಿ ತಿದ್ದಿದ ಸೂಚ್ಯಂಕ ಪಟ್ಟಿಯಲ್ಲಿ 43 ಅಂಶಗಳಿವೆ: ನೂರು ನಿವಾಸಿಗಳಿಗೆ ಎಷ್ಟು ಪ್ರವಾಸಿಗರು, ಊರವನಿಗೆ ಹೋಲಿಸಿದರೆ ಪ್ರವಾಸಿ ಒಂದು ರಾತ್ರಿಗೆ ಬಳಸುವ ನೀರು ಎಷ್ಟು, ಪ್ರವಾಸೋದ್ಯಮದಿಂದ ತೃಪ್ತರಾದ ನಿವಾಸಿಗಳು ಶೇಕಡಾ ಎಷ್ಟು. ಇದನ್ನು ಹಾಗೇ ಎತ್ತಿ ತಂದರೆ ಕೆಲಸ ಕೆಡುತ್ತದೆ. ಚಿಕ್ಕಮಗಳೂರು ಜಿಲ್ಲೆಯಲ್ಲಿ 11 ಲಕ್ಷ ಜನ ಇದ್ದಾರೆಂದು ಪ್ರವಾಸಿಗರನ್ನು ಅಷ್ಟಕ್ಕೆ ಭಾಗಿಸಿದರೆ ಎಲ್ಲವೂ ನೆಟ್ಟಗೆ ಕಾಣುತ್ತದೆ. ಭಾರ ಬಿದ್ದಿರುವುದು ಗಿರಿತಪ್ಪಲಿನ ಕೆಲವೇ ಪಂಚಾಯಿತಿಗಳ ಮೇಲೆ. ಜಿಲ್ಲೆಯ ಸರಾಸರಿ ಎಂಬುದು ಕಡೂರಿನ ತೆಂಗಿನ ತೋಟದವನನ್ನೂ ಕೈಮರದ ಅಂಗಡಿಯವನನ್ನೂ ಒಂದೇ ತಕ್ಕಡಿಗೆ ಹಾಕುತ್ತದೆ.

ಅತಿಥಿಗಳ ಬಗ್ಗೆ ಊರಿನವರ ಮನಸ್ಸು ಸಂಭ್ರಮದಿಂದ ಉದಾಸೀನಕ್ಕೆ, ಅಲ್ಲಿಂದ ಕಿರಿಕಿರಿಗೆ, ಕೊನೆಗೆ ಹಗೆತನಕ್ಕೆ ಹೊರಳುತ್ತದೆ ಎಂದು 1975ರಲ್ಲಿ ಜಾರ್ಜ್ ಡಾಕ್ಸಿ ಎಂಬ ಸಂಶೋಧಕ ನಾಲ್ಕು ಮೆಟ್ಟಿಲು ಹಾಕಿದ. ಮಲೆನಾಡಿನಲ್ಲಿ ನಾಲ್ಕೂ ಮೆಟ್ಟಿಲಿನವರು ಒಂದೇ ಊರಲ್ಲಿ ಸಿಗುತ್ತಾರೆ. ಜೀಪು ಓಡಿಸುವ ಹುಡುಗನಿಗೆ ಸಾಲು ರಜೆ ಎಂದರೆ ಹಬ್ಬ. ರಾತ್ರಿ ಹನ್ನೆರಡಕ್ಕೆ ಪಕ್ಕದ ರೆಸಾರ್ಟಿನ ಡಿಜೆ ಕೇಳುವ ಕಾಫಿ ತೋಟದ ಲೈನ್ ಮನೆಯವರಿಗೆ ಅಲ್ಲ. ಸಮೀಕ್ಷೆ ಮಾಡುವವರು ಯಾರ ಮನೆ ಬಾಗಿಲು ತಟ್ಟಿದರು ಎಂಬುದರ ಮೇಲೆ ಉತ್ತರ ನಿಂತಿದೆ.

ದುಡ್ಡಿನ ಮಾತಂತೂ ಯಾರಿಗೂ ಬೇಡ. ಹೋಂಸ್ಟೇ ಎಂದರೆ ಮನೆಯವರು ಅಲ್ಲೇ ವಾಸವಿರಬೇಕೆಂಬುದು ನಿಯಮ. ಬೋರ್ಡು ಹೋಂಸ್ಟೇಯದು, ನಡೆಸುವವರು ಗುತ್ತಿಗೆ ಹಿಡಿದ ಹೊರಗಿನವರು, ತರಕಾರಿ ಬರುವುದು ಪೇಟೆಯಿಂದ ಎಂದಾದರೆ ಊರಿಗೆ ಉಳಿಯುವುದು ಕಸ. ಕೇರಳ ಕುಮರಕಂನಲ್ಲಿ 2008ರ ಹೊತ್ತಿಗೆ ಶುರುಮಾಡಿದ ಜವಾಬ್ದಾರಿಯುತ ಪ್ರವಾಸೋದ್ಯಮದ ಪ್ರಯೋಗ ಕೈಹಾಕಿದ್ದು ಇದಕ್ಕೇ: ಕುಟುಂಬಶ್ರೀ ಸ್ವಸಹಾಯ ಗುಂಪುಗಳ ಮಹಿಳೆಯರು ಬೆಳೆದ ತರಕಾರಿಯನ್ನು ಹೋಟೆಲುಗಳು ಕೊಳ್ಳುವ ಏರ್ಪಾಡು. ಹೋಟೆಲಿನ ಖರೀದಿ ಬಿಲ್ಲೇ ಅಲ್ಲಿ ಅಳತೆಗೋಲು.

ಇನ್ನು ನೀಲಗಿರಿಯಲ್ಲಿ ಬರುವ ವಾಹನಗಳ ಲೆಕ್ಕ ಇಡಲಿಕ್ಕೇ ಮದ್ರಾಸ್ ಹೈಕೋರ್ಟ್ ಮಧ್ಯೆ ಬರಬೇಕಾಯಿತು. ಸೀಸನ್ನಿನಲ್ಲಿ ದಿನಕ್ಕೆ ಸುಮಾರು 20,000 ವಾಹನ ಬೆಟ್ಟ ಹತ್ತುತ್ತವೆ ಎಂಬ ಲೆಕ್ಕ ಅದರ ಮುಂದೆ ಬಂದಾಗ 2024ರ ಮೇ 7ರಿಂದ ಇ-ಪಾಸ್ ಕಡ್ಡಾಯವಾಯಿತು. ಮೊದಲು ಪಾಸಿಗೆ ಮಿತಿ ಇರಲಿಲ್ಲ. ಯಾರು, ಯಾವಾಗ, ಎಷ್ಟು ದಿನಕ್ಕೆ ಬರುತ್ತಾರೆಂದು ತಿಳಿಯುವುದಷ್ಟೇ ಉದ್ದೇಶ. ಮುಂದಿನ ವರ್ಷ ಮಿತಿಯೂ ಬಂತು: ಬೇಸಿಗೆ ಸೀಸನ್ನಿನಲ್ಲಿ ವಾರದ ದಿನ 6,000, ವಾರಾಂತ್ಯ 8,000 ವಾಹನ. ಸಾಮರ್ಥ್ಯ ಅಧ್ಯಯನದ ಕೆಲಸ ಮದ್ರಾಸ್ ಐಐಟಿ ಮತ್ತು ಬೆಂಗಳೂರು ಐಐಎಂ ಪಾಲಿಗೆ ಬಂತು. ಗುಂಡ್ಲುಪೇಟೆ ದಾರಿಯಾಗಿ ಊಟಿಗೆ ಹೋಗುವ ನಮ್ಮವರು ಗೊಣಗಿದರು, ಪಾಸ್ ತೆಗೆದರು, ಹೋದರು.

ಅದೇ ನೀಲಗಿರಿಯಲ್ಲಿ 2022ರಿಂದ ಇನ್ನೊಂದು ಸಣ್ಣ ಏರ್ಪಾಡಿದೆ. ಸರ್ಕಾರಿ ಮದ್ಯದಂಗಡಿಯಲ್ಲಿ ಪ್ರತಿ ಬಾಟಲಿಗೆ ಹತ್ತು ರೂಪಾಯಿ ಹೆಚ್ಚಿಗೆ ಕೊಡಬೇಕು, ಖಾಲಿ ಬಾಟಲಿ ತಂದುಕೊಟ್ಟರೆ ಹಣ ವಾಪಸು. ಕಾಡಿನಲ್ಲಿ ಗಾಜು ಒಡೆದು ಆನೆಗಳ ಕಾಲಿಗೆ ಚುಚ್ಚಬಾರದೆಂದು ಇದೂ ಕೋರ್ಟಿನ ಮಾತಿನ ಮೇಲೆಯೇ ಬಂದದ್ದು. ಎಷ್ಟು ಮಾರಿತು, ಎಷ್ಟು ಮರಳಿತು ಎಂಬ ಅಳತೆ ಇಲ್ಲಿ ತಾನಾಗಿಯೇ ಹುಟ್ಟುತ್ತದೆ, ಯಾವ ಸಮೀಕ್ಷೆಯೂ ಬೇಡ. ಇದನ್ನೇ ನಮ್ಮಲ್ಲೂ ಮಾಡಬಹುದು. ಕೈಮರದಲ್ಲಿ ಗಾಡಿ ಹೇಗೂ ನಿಲ್ಲುತ್ತದೆ. ಒಳಹೋಗುವ ನೀರಿನ ಬಾಟಲಿಗೆ, ಚಿಪ್ಸ್ ಪೊಟ್ಟಣಕ್ಕೆ ಒಂದು ಸ್ಟಿಕ್ಕರು, ಹತ್ತು ರೂಪಾಯಿ. ಇಳಿಯುವಾಗ ತೋರಿಸಿದರೆ ದುಡ್ಡು ಕೈಗೆ. ಬಾರದ ಬಾಟಲಿಯ ಹಣ ಕಸ ಎತ್ತುವ ಪಂಚಾಯಿತಿಗೆ. ಆ ಲೆಕ್ಕವನ್ನು ತಿಂಗಳಿಗೊಮ್ಮೆ ಪಂಚಾಯಿತಿ ಬೋರ್ಡಿಗೆ ಅಂಟಿಸಿದರೆ, ದಿನಕ್ಕೆ 1,200 ವಾಹನ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಗ್ರಾಮಸಭೆಯಲ್ಲಿ ಜಗಳಕ್ಕೆ ನಿಲ್ಲುವ ಜೀಪಿನವರಿಗೂ ತೋಟದವರಿಗೂ ಕೈಯಲ್ಲಿ ಒಂದು ಕಾಗದವಾದರೂ ಇರುತ್ತದೆ.