ಹತ್ತು ಗಂಟೆಯ ಹೊಟ್ಟೆನೋವು

ನಾಲ್ಕು ವರ್ಷದ ಹುಡುಗನೊಬ್ಬನನ್ನು ಅವನ ತಾಯಿ ಕರೆತಂದಿದ್ದರು. ದಿನವೂ ಬೆಳಿಗ್ಗೆ ಹತ್ತರ ಸುಮಾರಿಗೆ ಹೊಟ್ಟೆನೋವು. ಭಾನುವಾರ ಮಾತ್ರ ಇಲ್ಲ. ಮಲ, ಮೂತ್ರ ಪರೀಕ್ಷೆಗಳಲ್ಲಿ ಯಾವ ದೋಷವೂ ಕಾಣಲಿಲ್ಲ. ದಿನಚರಿಯನ್ನು ವಿಚಾರಿಸಿದಾಗ ವಿಷಯ ಹೊರಬಿತ್ತು. ನರ್ಸರಿಗೆ ಹೋಗಲು ಅಳುತ್ತಾನೆಂದು ಬಿಡಿಸಿ, ಮನೆಯಲ್ಲೇ ಕಲಿಸುತ್ತಿದ್ದರು. ಹತ್ತರಿಂದ ಹನ್ನೆರಡರವರೆಗೆ ಪಾಠ. ಎರಡು ಪುಟ ಅಕ್ಷರ ತಿದ್ದುವ ತನಕ ಏಳುವಂತಿಲ್ಲ. "ಇಷ್ಟೂ ಮಾಡಿಸದಿದ್ದರೆ ಮುಂದೆ ಸ್ಕೂಲಿಗೆ ಸೇರಿಸುವಾಗ ಹಿಂದೆ ಬೀಳ್ತಾನಲ್ಲ ಡಾಕ್ಟ್ರೇ" ಎಂಬುದು ಅವರ ಆತಂಕ. ಶಾಲೆ ತಪ್ಪಿತ್ತು, ಶಾಲೆಯ ಕಾಟ ತಪ್ಪಿರಲಿಲ್ಲ.

ಹುಡುಗನದು ನಾಟಕವಲ್ಲ. ಚಿಕ್ಕ ಮಕ್ಕಳಲ್ಲಿ ಭಯ, ಒತ್ತಡಗಳು ನಿಜವಾದ ನೋವಾಗಿಯೇ ಹೊಟ್ಟೆಯಲ್ಲಿ ಕಾಣಿಸಿಕೊಳ್ಳುತ್ತವೆ.

ನಿಮ್ಮ ಮಗುವಿನ ಕೈಯನ್ನೊಮ್ಮೆ ನೋಡಿ. ದೊಡ್ಡವರ ಮಣಿಕಟ್ಟಿನಲ್ಲಿ 8 ಪುಟ್ಟ ಮೂಳೆಗಳಿವೆ. ಮಗು ಹುಟ್ಟಿದಾಗ ಇವೆಲ್ಲ ಮೆತ್ತಗಿನ ಮೃದ್ವಸ್ಥಿಯಾಗಿದ್ದು, ವರ್ಷಗಳು ಕಳೆದಂತೆ ಒಂದೊಂದಾಗಿ ಮೂಳೆಯಾಗುತ್ತವೆ. ನಾಲ್ಕನೆಯ ವಯಸ್ಸಿನಲ್ಲಿ ಅರ್ಧದಷ್ಟು ಆಗಿದ್ದರೆ ಹೆಚ್ಚು. ಬೆರಳುಗಳ ಸಣ್ಣ ಸ್ನಾಯುಗಳಿಗೂ ಇನ್ನೂ ಹಿಡಿತ ಬಂದಿರುವುದಿಲ್ಲ. ಸಾಮಾನ್ಯವಾಗಿ ಮಗು ಮೂರು ವರ್ಷಕ್ಕೆ ವೃತ್ತವನ್ನೂ, ನಾಲ್ಕಕ್ಕೆ ಕೂಡಿಸುವ ಚಿಹ್ನೆಯನ್ನೂ ನೋಡಿ ಬರೆಯಬಲ್ಲದು; ತ್ರಿಕೋನಕ್ಕೆ ಐದಾಗಬೇಕು. ತ್ರಿಕೋನವೇ ಬಾರದ ಕೈಗೆ ನಮ್ಮ 'ಋ' ಕೊಟ್ಟರೆ ಗತಿಯೇನು!

ಹಾಗಾದರೆ ಮನೆಯಲ್ಲಿ ಕಲಿಸುವುದು ತಪ್ಪೇ? ಖಂಡಿತ ಅಲ್ಲ. ಆದರೆ ಪಾಠ ಅಡುಗೆಮನೆಯಿಂದ ಶುರುವಾಗಲಿ. ನೆನೆಸಿದ ಅವರೆಕಾಳನ್ನು ಹಿತಕಲು ಮಗುವನ್ನೂ ಕೂರಿಸಿಕೊಳ್ಳಿ. ಹೆಬ್ಬೆರಳು, ತೋರುಬೆರಳುಗಳ ನಡುವೆ ಕಾಳನ್ನು ಹಿಡಿದು ಒತ್ತುವ ಆ ಹಿಡಿತವೇ ನಾಳೆ ಪೆನ್ಸಿಲನ್ನು ಹಿಡಿಯುವುದು. ಚಪಾತಿ ಹಿಟ್ಟಿನ ಉಂಡೆ ಕಟ್ಟುವುದು, ಅಂಗಿಯ ಗುಂಡಿ ಹಾಕಿಕೊಳ್ಳುವುದು, ಅಂಗಳದಲ್ಲಿ ರಂಗೋಲಿ ಪುಡಿ ಉದುರಿಸುವುದು ಎಲ್ಲವೂ ಬರವಣಿಗೆಯ ಪೂರ್ವಸಿದ್ಧತೆಯೇ. ಮನೆಯಲ್ಲಿ ಐದು ಜನರಿದ್ದರೆ ಎಷ್ಟು ತಟ್ಟೆ ಎಂದು ಕೇಳಿ, ಹಾಕಿಸಿ. ಬಾಯಿಪಾಠದ ಒಂದು-ಎರಡಕ್ಕಿಂತ ಇದು ಮೇಲಾದ ಗಣಿತ. ಅಜ್ಜಿಯ ಕಥೆಯಂತೂ ಭಾಷೆಯ ಪಾಠವೇ. ಕೂತು ಮಾಡುವ ಕೆಲಸ ಒಂದು ಸಲಕ್ಕೆ ಹತ್ತು ಹದಿನೈದು ನಿಮಿಷ ಸಾಕು. ಎದ್ದು ಓಡಿದರೆ ಓಡಲಿ.

ಆದರೆ ಕಾಳಿನ ಜೊತೆ ಮಗುವನ್ನು ಒಂಟಿಯಾಗಿ ಬಿಡಬೇಡಿ. ಮೂಗಿನೊಳಗೆ ಹೋದ ಕಾಳು ತೇವಕ್ಕೆ ಊದಿಕೊಳ್ಳುತ್ತದೆ. ಪಿನ್ನು, ಚಿಮಟಗಳಿಂದ ಕೆದಕದೆ ನೇರವಾಗಿ ವೈದ್ಯರಲ್ಲಿಗೆ ಕರೆತನ್ನಿ.

ಮೂರು, ನಾಲ್ಕರ ಮಕ್ಕಳು ದಿನಕ್ಕೆ ಒಟ್ಟು 3 ಗಂಟೆಯಾದರೂ ಓಡಾಡಿಕೊಂಡಿರಬೇಕು, ಅದರಲ್ಲಿ 1 ಗಂಟೆ ಏದುಸಿರು ಬರುವ ಆಟವಿರಬೇಕು, ಹಗಲಿನ ನಿದ್ದೆಯೂ ಸೇರಿ 10ರಿಂದ 13 ಗಂಟೆ ಮಲಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮೊಬೈಲು, ಟಿ.ವಿ. ಸೇರಿ 1 ಗಂಟೆ ಮೀರಬಾರದು. ಮನೆಪಾಠದ ಹೆಸರಿನಲ್ಲಿ ಮಗುವಿನ ಕೈಗೆ ಮೊಬೈಲು ಕೊಟ್ಟು ಕೂರಿಸುವವರು ಇದನ್ನು ಗಮನಿಸಬೇಕು.

ಮನೆಯಲ್ಲಿ ಒಂದು ಕೊರತೆ ಇದ್ದೇ ಇದೆ. ಜೊತೆಯ ಮಕ್ಕಳಿಲ್ಲದೆಡೆ ಕಿವಿ, ಕಣ್ಣಿನ ದೋಷಗಳು ಬೇಗ ಗೊತ್ತಾಗುವುದಿಲ್ಲ. ಹಿಂದಿನಿಂದ ಕರೆದರೆ ತಿರುಗದ, ನಾಲ್ಕಾದರೂ ಹೊರಗಿನವರಿಗೆ ಅರ್ಥವಾಗುವಂತೆ ಮಾತನಾಡದ, ಚಿತ್ರವನ್ನು ಕಣ್ಣಿಗೆ ತೀರ ಹತ್ತಿರ ಹಿಡಿಯುವ ಮಗುವನ್ನು 'ಮೊಂಡ' ಎನ್ನುವ ಮೊದಲು ಪರೀಕ್ಷೆ ಮಾಡಿಸಿ. ಹತ್ತಿರದ ಅಂಗನವಾಡಿಯ ನಂಟು ಇಟ್ಟುಕೊಳ್ಳಿ. ತೂಕ ನೋಡುವುದು, ಐದರವರೆಗೆ ಆರು ತಿಂಗಳಿಗೊಮ್ಮೆ ಕೊಡುವ 'ಎ' ಜೀವಸತ್ವ ತಪ್ಪುವುದಿಲ್ಲ; ಆಡಲು ಜೊತೆಯೂ ಸಿಗುತ್ತದೆ.

ಇನ್ನು ಹಿಂದೆ ಬೀಳುವ ಭಯ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ಒಂದನೆಯ ತರಗತಿ ಆರು ವರ್ಷಕ್ಕೆ. ಮೂರರಿಂದ ಆರರವರೆಗೆ ಆಟದ ಮೂಲಕವೇ ಕಲಿಕೆ. ಇದನ್ನೇ ಆ ತಾಯಿಗೂ ಹೇಳಿ, ಕಾಪಿ ಪುಸ್ತಕವನ್ನು ಮೂರು ವಾರ ಅಟ್ಟದ ಮೇಲಿಡಲು ತಿಳಿಸಿದೆ. ಎರಡನೆಯ ವಾರದಲ್ಲೇ ನೋವು ನಿಂತಿತು.

ಎಲ್ಲ ಹೊಟ್ಟೆನೋವೂ ಪಾಠದ್ದೆಂದು ತಿಳಿಯಬೇಡಿ. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಹೊಕ್ಕುಳಿನಿಂದ ದೂರದ ನೋವು, ವಾಂತಿ, ಜ್ವರ, ಮಲದಲ್ಲಿ ರಕ್ತ, ತೂಕ ಇಳಿಯುವುದು ಇವುಗಳಲ್ಲಿ ಒಂದಿದ್ದರೂ ತಡಮಾಡದೆ ವೈದ್ಯರಿಗೆ ತೋರಿಸಿ.