ನಮ್ಮ ನಳ್ಳಿಯ ನೀರು ಹುಟ್ಟುವ ಕಾಡಿಗೆ ಒಮ್ಮೆ ಹೋಗಿ ಬನ್ನಿ

ಮಸೀದಿಯಲ್ಲಿ ವುಝೂ ಮಾಡಲು ನಳ್ಳಿ ತಿರುಗಿಸುತ್ತೇವೆ. ಮನೆಯಲ್ಲಿ ಉಮ್ಮ ಅಕ್ಕಿ ತೊಳೆಯಲು ನಳ್ಳಿ ತಿರುಗಿಸುತ್ತಾರೆ. ಮಂಗಳೂರು ನಗರದ ಮನೆಗಳಿಗೆ ಈ ನೀರು ಬರುವುದು ತುಂಬೆಯ ಅಣೆಕಟ್ಟಿನಿಂದ. ತುಂಬೆಗೆ ಎಲ್ಲಿಂದ ಅಂತ ಕೇಳಿದರೆ ನೇತ್ರಾವತಿಯಿಂದ ಅಂತ ಶಾಲೆಗೆ ಹೋಗುವ ಮಕ್ಕಳೂ ಹೇಳ್ತಾರೆ. ನೇತ್ರಾವತಿ ಎಲ್ಲಿಂದ ಅಂದರೆ? "ಘಟ್ಟದಿಂದ" ಅಂತ ಪೂರ್ವಕ್ಕೆ ಕೈ ತೋರಿಸಿ ನಾವು ದೊಡ್ಡವರೂ ಸುಮ್ಮನಾಗಿ ಬಿಡ್ತೇವೆ.

ಆ ಘಟ್ಟಕ್ಕೆ ಒಂದು ಹೆಸರು ಉಂಟು. ಕುದುರೆಮುಖ ರಾಷ್ಟ್ರೀಯ ಉದ್ಯಾನ. ಮಂಗಳೂರಿನಿಂದ ಕಾರ್ಕಳ, ಬಜಗೋಳಿ, ಮಾಳ ಘಾಟಿ ದಾರಿಯಾಗಿ ಸುಮಾರು ನೂರು ಕಿ.ಮೀ. ಬೆಳಿಗ್ಗೆ ಹೊರಟರೆ ಮೂರು ಗಂಟೆಯೊಳಗೆ ಮುಟ್ಟಬಹುದು. ನಮ್ಮವರಲ್ಲಿ ದುಬೈ, ದಮ್ಮಾಮ್ ನೋಡಿದವರಿಗೆ ಲೆಕ್ಕ ಇಲ್ಲ. ಊಟಿ, ಕೊಡೈಕನಾಲ್‌ಗೆ ಹೋಗಿ ಬಂದವರೂ ಬೇಕಾದಷ್ಟು ಇದ್ದಾರೆ. ಆದರೆ ತಾವು ಕುಡಿಯುವ ನೀರು ಹುಟ್ಟುವ ಜಾಗ ನೋಡಿದವರು ಒಂದು ಮನೆಯಲ್ಲಿ ಎಷ್ಟು ಜನ?

ಎಂತ ಉಂಟು ಅಲ್ಲಿ?

"ಎಂತ ಉಂಟು ಮಾರಾಯ್ರೆ ಅಲ್ಲಿ ನೋಡ್ಲಿಕ್ಕೆ? ಬರೀ ಗುಡ್ಡ, ಮರ" ಅಂತ ಕೇಳುವವರಿದ್ದಾರೆ. ಹೌದು, ಗುಡ್ಡ ಮತ್ತು ಮರವೇ. ಆದರೆ ಆ ಗುಡ್ಡ ಮಾಡುವ ಕೆಲಸ ಬೇರೆ ಯಾರಿಂದಲೂ ಆಗುವುದಿಲ್ಲ.

ಕುದುರೆಮುಖದ ಬೆಟ್ಟಗಳ ಮೇಲ್ಭಾಗ ಹುಲ್ಲುಗಾವಲು. ಎರಡು ಗುಡ್ಡಗಳ ನಡುವಿನ ಮಡಿಲಲ್ಲಿ ಒತ್ತೊತ್ತಾಗಿ ಬೆಳೆದ ಕುಳ್ಳ ಮರಗಳ ಕಾಡು. ಇದನ್ನು ಶೋಲಾ ಕಾಡು ಅನ್ನುತ್ತಾರೆ. ಮಳೆಗಾಲದಲ್ಲಿ ಇಲ್ಲಿ ಸುರಿಯುವ ಮಳೆ ಒಂದೇ ಸಲ ಹರಿದು ಸಮುದ್ರ ಸೇರಿದರೆ ಕೆಳಗೆ ನೆರೆ, ಮಾರ್ಚ್ ಬಂದಾಗ ಬರ. ಹಾಗೆ ಆಗದಂತೆ ಹುಲ್ಲಿನ ಬೇರು, ಶೋಲಾದ ಮಣ್ಣು, ಕೊಳೆತ ಎಲೆ ಎಲ್ಲ ಸೇರಿ ನೀರನ್ನು ಹೀರಿ ಹಿಡಿದುಕೊಳ್ಳುತ್ತವೆ. ಆಮೇಲೆ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡುತ್ತವೆ. ಬೇಸಿಗೆಯಲ್ಲೂ ತೊರೆ ಹರಿಯುವುದು ಹೀಗೆ. ತುಂಗಾ, ಭದ್ರಾ, ನೇತ್ರಾವತಿ ಈ ಮೂರೂ ನದಿಗಳ ಮೂಲ ಇದೇ ಬೆಟ್ಟಸಾಲಿನಲ್ಲಿ.

2016 ಮತ್ತು 2019ರ ಬೇಸಿಗೆ ನೆನಪುಂಟಾ? ತುಂಬೆಯಲ್ಲಿ ನೀರು ಇಳಿದು ಮಂಗಳೂರಿಗೆ ನೀರನ್ನು ಕಡಿತ ಮಾಡಿ ಬಿಡುವ ಹಾಗಾಯಿತು. ಮನೆಮನೆಯಲ್ಲಿ ಕೊಡ, ಬಕೆಟ್ ಸಾಲು ಇಟ್ಟು ಕಾದದ್ದು ನಮ್ಮ ಹೆಂಗಸರು. ಮಳೆ ತಡವಾದದ್ದು ಒಂದು ಕಾರಣ. ಆದರೆ ಮೇಲಿನ ಕಾಡು ಎಷ್ಟು ಗಟ್ಟಿ ಇದೆ ಅನ್ನುವುದರ ಮೇಲೆಯೂ ಕೆಳಗಿನ ಬೇಸಿಗೆ ನಿಂತಿದೆ.

ಗಣಿಯಿಂದ ಕಾಡಿಗೆ

ಕುದುರೆಮುಖ ಅಂದರೆ ಹಿರಿಯರಿಗೆ ಮೊದಲು ನೆನಪಾಗುವುದು ಕಬ್ಬಿಣದ ಅದಿರಿನ ಕಂಪೆನಿ. ಅಲ್ಲಿ ಅಗೆದ ಅದಿರನ್ನು ನೀರಲ್ಲಿ ಕಲಸಿ ಕೊಳವೆಯಲ್ಲಿ ಪಣಂಬೂರಿಗೆ ತರುತ್ತಿದ್ದರು. ಅದರಿಂದ ಎಷ್ಟೋ ಕುಟುಂಬಗಳಿಗೆ ಅನ್ನ ಸಿಕ್ಕಿದ್ದು ಸುಳ್ಳಲ್ಲ. ಆದರೆ ಅಗೆದ ಗುಡ್ಡದ ಮಣ್ಣು ಮಳೆಗೆ ಕರಗಿ ಭದ್ರೆಯನ್ನು ಸೇರುತ್ತಿತ್ತು. ಕೊನೆಗೆ ಸುಪ್ರೀಂ ಕೋರ್ಟ್ 2002ರಲ್ಲಿ ಕೊಟ್ಟ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು.

ಅದಕ್ಕೂ ಮೊದಲೇ, 1987ರಲ್ಲಿ, ಸುಮಾರು 600 ಚದರ ಕಿ.ಮೀ. ಕಾಡು ರಾಷ್ಟ್ರೀಯ ಉದ್ಯಾನವಾಗಿತ್ತು. ಅದಕ್ಕೆ ದಾರಿಯಾದದ್ದು ಒಂದು ಕೋತಿ. ನಮ್ಮ ಪುತ್ತೂರಿನಲ್ಲಿ ಹುಟ್ಟಿದ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಇಲ್ಲಿ ಸಿಂಗಳೀಕಗಳ ಸಮೀಕ್ಷೆ ಮಾಡಿ ಸರಕಾರಕ್ಕೆ ವರದಿ ಕೊಟ್ಟಿದ್ದರು. ಕಪ್ಪು ಮೈ, ಮುಖದ ಸುತ್ತ ಬಿಳಿ ಕೇಸರ ಇರುವ ಸಿಂಗಳೀಕ ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅದರ ಜೊತೆಗೆ ಹುಲಿ, ಚಿರತೆ, ಕಾಡುಕೋಣ, ಕಡವೆ, ಕಾಳಿಂಗ ಸರ್ಪ ಎಲ್ಲ ಇಲ್ಲಿವೆ. ಕಾಡಿನೊಳಗೆ ಮಲೆಕುಡಿಯರೂ ಇದ್ದಾರೆ, ತಲೆತಲಾಂತರದಿಂದ. ಅವರ ಮನೆಯಂಗಳ ನಮ್ಮ ಪಿಕ್ನಿಕ್ ಜಾಗ ಅಲ್ಲ ಅನ್ನುವುದನ್ನು ಹೋಗುವ ಮೊದಲೇ ಮಕ್ಕಳಿಗೆ ಹೇಳಿಡಬೇಕು.

ನಮಗೆ ಹೊಸತಲ್ಲ

"ಇಲ್ಲಿ ಎಂತದ್ದೂ ಮುಟ್ಟಬಾರದು, ಕೀಳಬಾರದು, ಕಿರುಚಬಾರದು ಅಂದ್ರೆ ಹೋಗುವುದು ಯಾಕೆ?" ಅಂತ ನಮ್ಮ ಹುಡುಗರು ಕೇಳುವುದುಂಟು. ಹಜ್ಜ್, ಉಮ್ರಾ ಮಾಡಿ ಬಂದ ಹಿರಿಯರನ್ನು ಕೇಳಿ ನೋಡಿ. ಮಕ್ಕಾದ ಹರಮ್ ಗಡಿಯೊಳಗೆ ತಾನಾಗಿ ಬೆಳೆದ ಗಿಡ ಕಡಿಯುವಂತಿಲ್ಲ, ಅಲ್ಲಿನ ಪ್ರಾಣಿಯನ್ನು ಬೇಟೆಯಾಡುವುದಿರಲಿ, ಓಡಿಸುವಂತೆಯೂ ಇಲ್ಲ. ಮದೀನಾಕ್ಕೂ ಪ್ರವಾದಿಯವರು (ಸ.ಅ.) ಅಂತಹದೇ ಗಡಿ ಹಾಕಿದ್ದರು. ಕುದುರೆಮುಖ ಹರಮ್ ಅಲ್ಲ, ಹಾಗೆ ಹೇಳುವುದೂ ತಪ್ಪು. ಆದರೆ ಒಂದು ಜಾಗಕ್ಕೆ ಗಡಿ ಹಾಕಿ, ಒಳಗಿನ ಗಿಡ-ಜೀವಕ್ಕೆ ಅಭಯ ಕೊಡುವುದು ನಮಗೆ ಗೊತ್ತಿಲ್ಲದ ಮಾತಲ್ಲ. ಹರಿಯುವ ನದಿಯ ದಡದಲ್ಲಿದ್ದರೂ ವುಝೂವಿಗೆ ನೀರು ಪೋಲು ಮಾಡಬೇಡಿ ಅಂತ ಮದ್ರಸದಲ್ಲಿ ಕಲಿತದ್ದು ನಾವೇ ಅಲ್ವಾ? ದಾರಿಯಲ್ಲಿ ಬಿದ್ದ ಮುಳ್ಳು, ಕಲ್ಲು ತೆಗೆದರೆ ಸದಕ ಅಂತ ಕಲಿತವರು ದಾರಿಯಲ್ಲಿ ಬಾಟಲಿ ಬಿಸಾಡಿ ಬಂದರೆ ಅದಕ್ಕೆ ಎಂತ ಹೇಳುವುದು?

ಹೋಗುವುದು ಹೇಗೆ?

ಮಳೆ ನಿಂತ ಮೇಲೆ, ಅಕ್ಟೋಬರ್‌ನಿಂದ ಜನವರಿ ತನಕ ಒಳ್ಳೆಯ ಸಮಯ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯದಿಂದ, ಜೋರು ಮಳೆಯಲ್ಲಿ ಅಪಾಯದ ಕಾರಣ ಚಾರಣ ನಿಲ್ಲಿಸುವುದುಂಟು. ಹೊರಡುವ ಮೊದಲು ವಿಚಾರಿಸಿ.

ಪ್ರಾಯದವರು, ಸಣ್ಣ ಮಕ್ಕಳು ಇರುವ ಕುಟುಂಬಕ್ಕೆ ಬೆಟ್ಟ ಹತ್ತುವ ಕೆಲಸ ಇಲ್ಲ. ಮಾಳ ಘಾಟಿ ಹತ್ತಿದ ಮೇಲೆ ಹನುಮನಗುಂಡಿ ಜಲಪಾತ ಸಿಗುತ್ತದೆ. ಟಿಕೆಟ್ ತೆಗೆದುಕೊಂಡು ಮೆಟ್ಟಿಲು ಇಳಿದು ಹೋಗಬೇಕು. ಮಂಡಿ ನೋವಿನವರಿಗೆ ಮೆಟ್ಟಿಲು ಕಷ್ಟ, ಅವರಿಗೆ ಕಡಾಂಬಿ ಜಲಪಾತ ರಸ್ತೆ ಬದಿಯಲ್ಲೇ ಕಾಣುತ್ತದೆ. ಒಂದು ರಾತ್ರಿ ಉಳಿಯಬೇಕಾದರೆ ಭದ್ರಾ ನದಿ ಹತ್ತಿರ ಭಗವತಿ ಪ್ರಕೃತಿ ಶಿಬಿರ ಉಂಟು. ಮೊದಲೇ ಬುಕ್ ಮಾಡಬೇಕು.

ಯುವಕರು ಕುದುರೆಮುಖ ಶಿಖರ ಹತ್ತುವುದಾದರೆ ಸಂಸೆ ಕಡೆಯ ಮುಳ್ಳೋಡಿಯಿಂದ ಹೋಗಿ ಬರಲು ಹೆಚ್ಚುಕಡಿಮೆ 20 ಕಿ.ಮೀ. ನಡಿಗೆ. ಬೆಳಿಗ್ಗೆ ಹೋಗಿ ಸಂಜೆಯೊಳಗೆ ಇಳಿಯಬೇಕು, ಮೇಲೆ ಟೆಂಟ್ ಹಾಕುವಂತಿಲ್ಲ. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ. ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ವೆಬ್‌ಸೈಟ್‌ನಲ್ಲಿ ಮುಂಚಿತವಾಗಿ ಬುಕ್ ಮಾಡಿ, ಗುರುತಿನ ಚೀಟಿ ಜೊತೆಗಿಡಿ. "ಅಲ್ಲಿ ಹೋಗಿ ಹೇಗಾದ್ರೂ ಮಾಡುವ" ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಗೇಟಿನಿಂದ ವಾಪಸ್ ಬರಬೇಕಾದೀತು.

ಊಟದ ವಿಷಯ. ನಮ್ಮವರ ಪ್ರವಾಸ ಅಂದರೆ ಟೆಂಪೊ ಟ್ರಾವೆಲರ್‌ನ ಹಿಂದೆ ಬಿರಿಯಾನಿ ಪಾತ್ರೆ ಇರಲೇಬೇಕು. ಇರಲಿ. ಆದರೆ ಕಾಡಿನೊಳಗೆ ಒಲೆ ಹಚ್ಚುವುದು, ರಸ್ತೆ ಬದಿ ಚಾಪೆ ಹಾಸಿ ಉಣ್ಣುವುದು ಬೇಡ. ಬೆಳಿಗ್ಗೆ ಪತ್ತಿರಿಯೋ ಪುಂಡಿಯೋ ಕಟ್ಟಿಕೊಂಡು ಕಾರ್ಕಳದಲ್ಲಿ ತಿಂದು ಮುಗಿಸಿ, ಮಧ್ಯಾಹ್ನದ್ದು ಕಳಸಕ್ಕೆ ಹೋಗಿ ಉಣ್ಣಿ. ನೀರಿಗೆ ಸ್ಟೀಲ್ ಬಾಟಲಿ. ಎಲುಬು, ಪೇಪರ್, ಮಗುವಿನ ಡೈಪರ್ ಎಲ್ಲ ಒಂದು ಚೀಲಕ್ಕೆ ಹಾಕಿ ಊರಿಗೇ ವಾಪಸ್ ತನ್ನಿ.

ಕೋತಿಗಳಿಗೆ ಬಿಸ್ಕತ್ತು, ಬಾಳೆಹಣ್ಣು ಬಿಸಾಡುವುದು ಪುಣ್ಯ ಅಂತ ಕೆಲವರ ಎಣಿಕೆ. ಅದು ಪುಣ್ಯ ಅಲ್ಲ. ಆ ರುಚಿಗೆ ರಸ್ತೆಗೆ ಇಳಿದ ಕೋತಿ ನಾಳೆ ಯಾವುದೋ ಲಾರಿಯ ಚಕ್ರಕ್ಕೆ ಸಿಗುತ್ತದೆ.

ನಮಾಝ್ ವಿಷಯಕ್ಕೂ ಮೊದಲೇ ಯೋಚನೆ ಮಾಡಿ. ಸುಬ್‌ಹಿ ಮುಗಿಸಿ ಹೊರಟರೆ ಒಳ್ಳೆಯದು. ಲುಹರ್‌ಗೆ ಎಲ್ಲಿರುತ್ತೇವೆ, ಜಂಅ್-ಕಸ್ರ್ ಆಗುತ್ತದಾ ಅಂತ ನಿಮ್ಮ ಖತೀಬ್ ಉಸ್ತಾದರ ಹತ್ತಿರ ಕೇಳಿಕೊಳ್ಳಿ. ಮುಸಲ್ಲ ಮತ್ತು ಒಂದು ಬಾಟಲಿ ನೀರು ಜೊತೆಗಿರಲಿ. ಹೆಂಗಸರಿಗೆ ಶೌಚಾಲಯ ಎಲ್ಲಿ ಸಿಗುತ್ತದೆ ಅಂತ ಗಂಡಸರು ಮೊದಲೇ ವಿಚಾರಿಸಿಡಬೇಕು. ಎಷ್ಟೋ ಮನೆಯಲ್ಲಿ ಉಮ್ಮಂದಿರು "ನಾನು ಬರುವುದಿಲ್ಲ, ನೀವು ಹೋಗಿ" ಅನ್ನುವುದು ಇದೇ ಕಾರಣಕ್ಕೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ.

ನೆಲ ಒದ್ದೆ ಇದ್ದರೆ ಉಂಬಳ ಹತ್ತುತ್ತದೆ. ಸ್ವಲ್ಪ ಉಪ್ಪು ಇಟ್ಟುಕೊಳ್ಳಿ, ಹೆದರುವುದೇನೂ ಬೇಡ. ಮಲೆನಾಡಿನಲ್ಲಿ ಡಿಸೆಂಬರ್‌ನಿಂದ ಮೇ ತನಕ ಉಣ್ಣೆಯಿಂದ ಮಂಗನ ಕಾಯಿಲೆ ಹರಡುವುದುಂಟು. ಮೈ ಮುಚ್ಚುವ ಬಟ್ಟೆ ಹಾಕಿ. ಬಂದ ಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದೆವು ಅಂತ ಡಾಕ್ಟರಿಗೆ ತಪ್ಪದೆ ಹೇಳಿ.

ಒಂದು ಮಾತು ಯುವಕರಿಗೆ

ಪ್ರತಿ ಮಳೆಗಾಲದಲ್ಲಿ ಕರಾವಳಿ-ಮಲೆನಾಡಿನ ಯಾವುದೋ ಜಲಪಾತದಲ್ಲಿ ಯಾವುದೋ ಮನೆಯ ಮಗ ಜಾರಿ ಬೀಳುತ್ತಾನೆ. ಪಾಚಿ ಹಿಡಿದ ಬಂಡೆಗೆ ಈಜು ಬರುವವ, ಬಾರದವ ಅಂತ ಭೇದ ಇಲ್ಲ. ಮೇಲೆ ಎಲ್ಲೋ ಮಳೆ ಬಂದರೆ ಇಲ್ಲಿ ಬಿಸಿಲಿರುವಾಗಲೇ ನೀರು ಏರುತ್ತದೆ. ಒಂದು ರೀಲ್ಸ್‌ಗಾಗಿ ಬಂಡೆಯ ತುದಿಗೆ ಹೋಗುವಾಗ ಮನೆಯಲ್ಲಿ ತಸ್ಬೀಹ್ ಹಿಡಿದು ಕಾಯುವ ಉಮ್ಮನನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಬೈಕಿನ ಸೈಲೆನ್ಸರ್ ಸದ್ದು, ಸ್ಪೀಕರಿನ ಹಾಡು ಕಾಡಿಗೆ ಬೇಡ. ಸುಮ್ಮನೆ ಹತ್ತು ನಿಮಿಷ ನಿಂತರೆ ಮಂಗಟ್ಟೆ ಹಕ್ಕಿಯ ರೆಕ್ಕೆಯ ಸದ್ದು ಕೇಳಬಹುದು. ಅದು ಯಾವ ಫೋನಿನಲ್ಲೂ ಸಿಗುವುದಿಲ್ಲ.

ಬರುವಾಗ ನದಿಯ ಜೊತೆ

ವಾಪಸ್ ಬರುವಾಗ ಹೋದ ದಾರಿಯಲ್ಲೇ ಬರಬೇಡಿ. ಕಳಸ, ಕೊಟ್ಟಿಗೆಹಾರ, ಚಾರ್ಮಾಡಿ ಘಾಟಿ, ಉಜಿರೆ ದಾರಿಯಾಗಿ ಬನ್ನಿ. ಸ್ವಲ್ಪ ದೂರ ಜಾಸ್ತಿ, ಘಾಟಿಯನ್ನು ಕತ್ತಲಾಗುವ ಮೊದಲೇ ಇಳಿಯಬೇಕು. ಮೇಲೆ ಕಂಡ ಗುಡ್ಡಗಳ ನೀರು ಅಷ್ಟರಲ್ಲಿ ಬೇರೆ ದಾರಿಯಿಂದ ಇಳಿದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಪಾಣೆಮಂಗಳೂರು, ಬಂಟ್ವಾಳ ದಾಟಿ ಬರುತ್ತಿರುತ್ತದೆ. ನಮ್ಮ ಹಿರಿಯರು ಮನೆ, ಮಸೀದಿ ಕಟ್ಟಿದ್ದು ಇದೇ ನದಿಯ ದಡದ ಊರುಗಳಲ್ಲಿ. ಬಿ.ಸಿ. ರೋಡ್ ದಾಟಿ ತುಂಬೆ ಬಂದಾಗ ಗಾಡಿ ಸ್ವಲ್ಪ ನಿಧಾನ ಮಾಡಿ ಮಕ್ಕಳಿಗೆ ಹೇಳಿ: ಬೆಳಿಗ್ಗೆ ನೀವು ನೋಡಿದ ಕಾಡಿನ ನೀರು ಇಲ್ಲಿ ನಿಂತಿದೆ, ಇಲ್ಲಿಂದ ನಮ್ಮ ಮನೆಗೆ ಬರುತ್ತದೆ.

ಆ ರಾತ್ರಿ ಇಶಾಗೆ ವುಝೂ ಮಾಡುವಾಗ ಮಗು ನಳ್ಳಿಯನ್ನು ಸ್ವಲ್ಪ ಸಣ್ಣಗೆ ತಿರುಗಿಸಿದರೆ ಸಾಕು, ನೀವು ಹೋಗಿ ಬಂದದ್ದು ಸಾರ್ಥಕ.