ಒಳಗೆ ಬಡಿದ ದುಡಿ, ಬೀದಿಯ ಹಲಗೆ: ಸಣ್ಣ ಸಿನಿಮಾಗಳನ್ನು ಕೇರಿಯಿಂದ ನೋಡುವುದು

ಕನ್ನಡದಲ್ಲಿ 'ಕಲಾತ್ಮಕ ಚಿತ್ರ' ಅನ್ನುವ ಮಾತು ಬಳಕೆಗೆ ಬಂದಾಗಲೇ ಅದರ ಜೊತೆಗೊಂದು ಪಂಕ್ತಿಭೇದವೂ ಬಂತು. ಅರ್ಥ ಮಾಡಿಕೊಂಡು ನೋಡುವವರದು ಒಂದು ಪಂಕ್ತಿ, ವಿಷಲ್ ಹೊಡೆದು ನೋಡುವವರದು ಇನ್ನೊಂದು. ಓಕಳಿಪುರಂನ ನಾವು ಯಾವ ಪಂಕ್ತಿಯವರು ಅಂತ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಬೀದಿಯಿಂದ ರೈಲು ಹಳಿ ದಾಟಿದರೆ ಮೆಜೆಸ್ಟಿಕ್ಕು, ಅದರಾಚೆ ಗಾಂಧಿನಗರ. ಕನ್ನಡ ಸಿನಿಮಾದ ದುಡ್ಡು ಓಡಾಡುವ ಜಾಗ ನಮಗೆ ಕಾಲ್ನಡಿಗೆಯ ದೂರ. ಅಲ್ಲಿ ಪೋಸ್ಟರ್ ಅಂಟಿಸಿದವರು, ಟಾಕೀಸಿನ ಕಕ್ಕಸು ತೊಳೆದವರು, ಬ್ಲಾಕಿನಲ್ಲಿ ಟಿಕೆಟ್ ಮಾರಿದವರು ನಮ್ಮ ಕಡೆಯ ವಠಾರಗಳಿಂದ ಹೋದವರೇ. ಆದರೂ ಸಿನಿಮಾ ಕುರಿತು ಬರೆಯುವಾಗ ನಮ್ಮನ್ನೆಲ್ಲ 'ಸಾಮಾನ್ಯ ಪ್ರೇಕ್ಷಕ' ಅಂತ ಒಂದೇ ಗಂಟು ಕಟ್ಟಿ ಮೂಲೆಗಿಡುತ್ತಾರೆ.

ದಲಿತ ವಿಮರ್ಶೆ ಕತೆ, ಕಾವ್ಯ, ಆತ್ಮಕತೆಗಳ ಜೊತೆ ಸಾಕಷ್ಟು ಗುದ್ದಾಡಿದೆ. ಸಿನಿಮಾದ ಜೊತೆ ಅಷ್ಟು ಗುದ್ದಾಡಿಲ್ಲ. ಆದ್ದರಿಂದ ಕಡಿಮೆ ದುಡ್ಡಿನಲ್ಲಿ, ದೊಡ್ಡ ನಿರ್ಮಾಪಕರ ಹಂಗಿಲ್ಲದೆ ತೆಗೆದ ಸಿನಿಮಾಗಳನ್ನು ನಾವು ಎಲ್ಲಿ ಹುಡುಕಬೇಕು, ಹೆಂಗೆ ನೋಡಬೇಕು, ಯಾವ ತಕ್ಕಡಿಯಲ್ಲಿ ತೂಗಬೇಕು ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳಲು ನೋಡುತ್ತೇನೆ. ಸಣ್ಣದೆಲ್ಲ ಒಳ್ಳೆಯದು ಅನ್ನುವ ಹಾಡನ್ನಂತೂ ಹಾಡುವುದಿಲ್ಲ. ರಾಜಕುಮಾರರ ಸಿನಿಮಾ ನಮ್ಮ ಕೇರಿಗಳಿಗೆ ಕೊಟ್ಟ ಘನತೆಯನ್ನು ಯಾವ ಕಲಾತ್ಮಕ ಚಿತ್ರವೂ ಕೊಟ್ಟಿಲ್ಲ. ಅದು ಬೇರೆಯೇ ಬರಹವಾಗಬೇಕಾದ ಮಾತು.

ಮೊದಲು ದುಡ್ಡಿನ ಲೆಕ್ಕ. ಬಜೆಟ್ ಕಡಿಮೆ ಅಂದರೆ ಏನು? ಸ್ಟಾರ್ ಇಲ್ಲ, ಸೆಟ್ಟಿಲ್ಲ, ಊರಿನ ಜನರೇ ನಟರು, ಯಾರದೋ ಮನೆಯೇ ಲೊಕೇಶನ್ನು, ಕೆಲವೇ ವಾರಗಳ ಶೂಟಿಂಗ್. ಕೇಳಲಿಕ್ಕೆ ಚೆನ್ನಾಗಿದೆ. ಆದರೆ ಕೂಲಿ ಮಾಡಿ ಬದುಕುವ ನಮಗೆ ಇನ್ನೊಂದು ಪ್ರಶ್ನೆ ಹೊಳೆಯುತ್ತದೆ: ಉಳಿಸಿದ ಈ ದುಡ್ಡು ಯಾರ ಕೂಲಿಯಿಂದ ಉಳಿಯಿತು? ಲೈಟ್ ಹೊತ್ತ ಹುಡುಗನಿಗೆ ಎಷ್ಟು ಸಿಕ್ಕಿತು, ಮುಖ ಕೊಟ್ಟ ಮುದುಕಿಗೆ ಎಷ್ಟು ಸಿಕ್ಕಿತು? ರಾಮ್ ರೆಡ್ಡಿಯವರ 'ತಿಥಿ' 2015ರಲ್ಲಿ ಲೊಕಾರ್ನೋ ಉತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಮಂಡ್ಯ ಸೀಮೆಯ ಹಳ್ಳಿಗರೇ ಅದರ ನಟರು. ನಿಜಕ್ಕೂ ಒಳ್ಳೆಯ ಚಿತ್ರ. ಬಡವರ ಮೇಲೆ ಕರುಣೆ ಸುರಿಸದೆ ಅವರ ತಂಟೆ, ತರಲೆ, ದುರಾಸೆಗಳನ್ನು ಇದ್ದ ಹಾಗೆ ತೋರಿಸಿತು. ಆಮೇಲೆ ಅದರ ಗಡ್ಡಪ್ಪ, ಸೆಂಚುರಿ ಗೌಡರನ್ನು ಗಾಂಧಿನಗರ ಎತ್ತಿಕೊಂಡು ಹೋಗಿ ನಗಿಸುವ ಗೊಂಬೆಗಳನ್ನಾಗಿ ಬಳಸಿತು. ಒಂದು ಮುಖವನ್ನು ಒಬ್ಬ ನಿರ್ದೇಶಕ ಗೌರವದಿಂದ ತೋರಿಸಿದರೂ ಅದು ಮಾರುಕಟ್ಟೆಗೆ ಹೋದ ಮೇಲೆ ಏನಾಗುತ್ತದೆ ಅನ್ನುವುದನ್ನು ವಿಮರ್ಶೆ ಗಮನಿಸಬೇಕು. ಇನ್ನೂ ಒಂದು ಮಾತು: 'ತಿಥಿ'ಯಲ್ಲಿ ಗೌಡರ ಮನೆ ಇದೆ, ಕುರಿಗಾಹಿಗಳ ಬಿಡಾರ ಇದೆ. ಕೇರಿಯ ಕತೆ ಇಲ್ಲ.

ಸರ್ಕಾರದ ಸಬ್ಸಿಡಿ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಇದೆ. ಆಯ್ಕೆಯಾದ ಚಿತ್ರಕ್ಕೆ 10 ಲಕ್ಷ ರೂಪಾಯಿ ಕೊಡುವ ಪದ್ಧತಿ ಬಂದಿದೆ. ಆದರೆ ಅದು ಕೈಸೇರುವುದು ಸಿನಿಮಾ ಮುಗಿದು, ಸೆನ್ಸಾರ್ ಆಗಿ, ವರ್ಷಗಳು ಕಳೆದ ಮೇಲೆ. ಅಂದರೆ ಮೊದಲು ಕೈಯಿಂದ ಹಾಕಲು ದುಡ್ಡಿದ್ದವನಿಗೆ, ಇಲ್ಲಾ ಅಡವಿಡಲು ಮನೆ ಜಮೀನು ಇದ್ದವನಿಗೆ ಮಾತ್ರ ಆ ಸಬ್ಸಿಡಿ. ಕೇರಿಯ ಹುಡುಗ ಕ್ಯಾಮೆರಾದ ಹಿಂದೆ ನಿಂತದ್ದು ಯಾಕೆ ಇಷ್ಟು ಕಡಿಮೆ ಅನ್ನುವುದಕ್ಕೆ ಪ್ರತಿಭೆಯ ಕಾರಣ ಹುಡುಕುವ ಮೊದಲು ಈ ಕಾರಣ ನೋಡಬೇಕು.

ಈಗ ಚರಿತ್ರೆ. ಕನ್ನಡದ ಹೊಸ ಅಲೆ ಶುರುವಾದದ್ದು 1970ರ 'ಸಂಸ್ಕಾರ'ದಿಂದ ಅಂತ ಎಲ್ಲರೂ ಬರೆಯುತ್ತಾರೆ. ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದರು. ಮದರಾಸಿನ ಸೆನ್ಸಾರ್ ಮಂಡಳಿ ಮೊದಲು ತಡೆಹಿಡಿಯಿತು, ಆಮೇಲೆ ಅದಕ್ಕೇ ರಾಷ್ಟ್ರಪತಿಗಳ ಚಿನ್ನದ ಪದಕ ಬಂತು. ಚಂದ್ರಿಯಾಗಿ ನಟಿಸಿದ ಸ್ನೇಹಲತಾ ರೆಡ್ಡಿಯವರು ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರು ಜೈಲಿನಲ್ಲಿ ನರಳಿ, ಬಿಡುಗಡೆಯಾದ ಸ್ವಲ್ಪ ದಿನಕ್ಕೇ 1977ರಲ್ಲಿ ತೀರಿಕೊಂಡರು. ಧೈರ್ಯದ ಸಿನಿಮಾ ಅನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಕ್ಯಾಮೆರಾ ನಿಂತದ್ದು ಅಗ್ರಹಾರದಲ್ಲಿ. ಶಾಸ್ತ್ರ ಹುಡುಕುತ್ತ ಬ್ರಾಹ್ಮಣರು ಕೂತಿರುವಾಗ ಹೆಣಕ್ಕೊಂದು ಗತಿ ಕಾಣಿಸಿದವಳು ಚಂದ್ರಿ. ಸಂಕಟಪಡುವ ಹಕ್ಕು ಮಾತ್ರ ಪ್ರಾಣೇಶಾಚಾರ್ಯರದ್ದು. ಬದಲಾವಣೆಯ ಭಾರವನ್ನು ಮೇಲ್ಜಾತಿಯ ಮನಸ್ಸೇ ಹೊರಬೇಕು ಅನ್ನುವ ಈ ಮಾದರಿ ಮುಂದೆ ಎಷ್ಟೋ ಚಿತ್ರಗಳಿಗೆ ಅಚ್ಚಾಯಿತು.

ಇದರ ಪಕ್ಕದಲ್ಲಿ 1975ನ್ನು ಇಟ್ಟು ನೋಡಿ. 1973ರಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದು ಮಂತ್ರಿಗಿರಿ ಕಳೆದುಕೊಂಡಿದ್ದರು. 1974ರಲ್ಲಿ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದು ಗೇಣಿದಾರನಿಗೆ ಭೂಮಿ ಸಿಗುವ ದಾರಿ ತೆರೆಯಿತು. ಗೇಣಿಗೂ ಭೂಮಿ ಸಿಗದವನ ಪಾಡು ಹಾಗೇ ಉಳಿಯಿತು. 1975ರಲ್ಲಿ ನಮ್ಮ ಪಕ್ಕದ ಶ್ರೀರಾಮಪುರದಲ್ಲಿ ಬೆಳೆದ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಅದೇ ವರ್ಷ ಬಿ.ವಿ. ಕಾರಂತರು ಶಿವರಾಮ ಕಾರಂತರ 1933ರ ಕಾದಂಬರಿಯನ್ನು 'ಚೋಮನ ದುಡಿ' ಸಿನಿಮಾ ಮಾಡಿದರು. ಆ ವರ್ಷದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಬಂತು, ಚೋಮನಾಗಿದ್ದ ಎಂ.ವಿ. ವಾಸುದೇವರಾಯರು ಅತ್ಯುತ್ತಮ ನಟರಾದರು. ಒಂದೇ ವರ್ಷ, ಒಂದೇ ಕನ್ನಡ. ಒಂದು ಕಡೆ ಕೇರಿ ತಾನೇ ಬೀದಿಗಿಳಿದು ಕೂಗುತ್ತಿದೆ. ಇನ್ನೊಂದು ಕಡೆ ಚೋಮ ಗೇಣಿಗೆ ಒಂದು ತುಂಡು ಗದ್ದೆ ಕೇಳಿ, ಸಿಗದೆ, ಮಕ್ಕಳನ್ನು ಒಬ್ಬೊಬ್ಬರಾಗಿ ಕಳಕೊಂಡು, ಕೊನೆಗೆ ಗುಡಿಸಲ ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತ ಸಾಯುತ್ತಾನೆ.

'ಚೋಮನ ದುಡಿ'ಯನ್ನು ನಾವು ಕೆಲವರು ಸೇರಿ ಬೀದಿಯಲ್ಲಿ ಬೆಡ್‌ಶೀಟ್ ಕಟ್ಟಿ ತೋರಿಸಿದೆವು. ನದಿಯಲ್ಲಿ ಮುಳುಗುವ ಹುಡುಗನನ್ನು ಮುಟ್ಟಿದರೆ ಮೈಲಿಗೆ ಅಂತ ದಡದಲ್ಲಿ ನಿಂತವರು ಯಾರೂ ಮೇಲೆತ್ತದ ದೃಶ್ಯಕ್ಕೆ ಬೀದಿಗೆ ಬೀದಿಯೇ ಸುಮ್ಮನಾಯಿತು. ಸಿನಿಮಾ ಮುಗಿದ ಮೇಲೆ ಮಾತಾಡಿ ಅಂದರೆ ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಕಸ ಗುಡಿಸುವ ಕೆಲಸದ ಅಕ್ಕ ಒಬ್ಬರು, ಮನೆಮಾತು ತೆಲುಗು, ಎದ್ದು ನಿಂತು ಕೇಳಿದರು: "ಅಲ್ಲಾ ಕಣಣ್ಣ, ಅವ್ನು ಬಾಗ್ಲು ಯಾಕೆ ಹಾಕ್ಕೊಂಡ? ತಮಟೆ ಮನೆಯೊಳಗೆ ಬಡಿದ್ರೆ ಯಾರಿಗೆ ಕೇಳ್ತದೆ? ಆ ಅಯ್ಯನ ಮನೆ ಮುಂದೆ ಹೋಗಿ ಬಡೀಬೇಕಿತ್ತು."

ನಾನು ಓದಿರುವ 'ಚೋಮನ ದುಡಿ' ಕುರಿತ ಬರಹಗಳಲ್ಲಿ ಈ ಪ್ರಶ್ನೆ ಸಿಕ್ಕಿಲ್ಲ. ಛಾಯಾಗ್ರಹಣ ಮಾಡಿದ ಎಸ್. ರಾಮಚಂದ್ರರ ನೆರಳು ಬೆಳಕು, ವಾಸುದೇವರಾಯರ ಕಣ್ಣು, ದುಡಿಯ ಲಯದ ರೂಪಕಶಕ್ತಿ, ಎಲ್ಲವೂ ಇವೆ. ಅವೂ ನಿಜವೇ, ಆ ರಾತ್ರಿ ನಮ್ಮ ಬೀದಿಯನ್ನು ಹಿಡಿದು ಕೂರಿಸಿದ್ದೂ ಅವೇ. ಆದರೆ ದುಡಿಯನ್ನು ಮುಚ್ಚಿದ ಬಾಗಿಲ ಹಿಂದೆ ಇಟ್ಟರೆ ಅದು ನೋಡುವವನ ಎದೆಯಲ್ಲಿ ಕರುಣೆಯಾಗಿ ಕರಗುತ್ತದೆ. ಬೀದಿಗೆ ಬಂದರೆ ಕರಗುವುದಿಲ್ಲ. ಅಕ್ಕ ಹೇಳಿದ್ದು ಇದನ್ನೇ.

ಮುಂದಿನ ತಿಂಗಳು ಹಟ ಹಿಡಿದು ನಾಗರಾಜ ಮಂಜುಳೆಯವರ ಮರಾಠಿ ಚಿತ್ರ 'ಫಂಡ್ರಿ' (2013) ತೋರಿಸಿದೆವು. ಅಲ್ಲಿ ಜಬ್ಯಾ ಅನ್ನುವ ಹುಡುಗ, ಊರಿನ ಹಂದಿ ಹಿಡಿಯುವ ಕೈಕಾಡಿ ಮನೆ. ಆ ಪಾತ್ರ ಮಾಡಿದ ಸೋಮನಾಥ ಅವಘಡೆ ನಿಜವಾಗಿ ಹಲಗೆ ಬಾರಿಸುತ್ತಿದ್ದ ಹುಡುಗ. ಹಂದಿಯ ಹಿಂದೆ ಓಡುತ್ತಿರುವಾಗ ಶಾಲೆಯಿಂದ ರಾಷ್ಟ್ರಗೀತೆ ಕೇಳುತ್ತದೆ, ಇಡೀ ಕುಟುಂಬ ನೆಟ್ಟಗೆ ನಿಲ್ಲಬೇಕಾಗುತ್ತದೆ, ಹಂದಿ ತಪ್ಪಿಸಿಕೊಳ್ಳುತ್ತದೆ. ಕೊಂದ ಹಂದಿಯನ್ನು ಹೊತ್ತು ಹೋಗುವಾಗ ಹಿಂದಿನ ಗೋಡೆಯ ಮೇಲೆ ಅಂಬೇಡ್ಕರ್, ಸಾವಿತ್ರಿಬಾಯಿ ಫುಲೆ ಇದ್ದಾರೆ. ಯಾರೂ ಭಾಷಣ ಮಾಡುವುದಿಲ್ಲ. ಕೊನೆಗೆ ಜಬ್ಯಾ ಎಸೆದ ಕಲ್ಲು ನೇರ ಕ್ಯಾಮೆರಾಕ್ಕೆ ಬರುತ್ತದೆ. ಬೆಡ್‌ಶೀಟಿನ ಮುಂದೆ ಕೂತಿದ್ದ ಮಕ್ಕಳು ತಲೆ ಬಗ್ಗಿಸಿದವು, ಆಮೇಲೆ ಚಪ್ಪಾಳೆ. ಚೋಮನಿಂದ ಜಬ್ಯಾನವರೆಗಿನ ದೂರ ಅಂದರೆ ಬಾಗಿಲಿನಿಂದ ಬೀದಿಗಿರುವ ದೂರ. ಈ ದೂರ ಕ್ರಮಿಸಲು ದುಡ್ಡಿಗಿಂತ ಹೆಚ್ಚಾಗಿ ಬೇಕಾದದ್ದು ಆ ಬದುಕನ್ನು ಒಳಗಿನಿಂದ ಕಂಡ ಕಣ್ಣು.

ಹಾಗಂತ ದಲಿತ ನಿರ್ದೇಶಕನೇ ತೆಗೆದರೆ ಮಾತ್ರ ಒಪ್ಪುತ್ತೇವೆ ಅಂತ ನಾನು ಬಾಗಿಲು ಕಾಯಲು ಹೊರಟಿಲ್ಲ. ನನ್ನ ಅಳತೆಗೋಲು ಬಹಳ ಸಾದಾ: ಒಲೆಯ ಮೇಲೆ ಏನು ಬೇಯುತ್ತಿದೆ ನೋಡಿ. ಕನ್ನಡ ಸಿನಿಮಾದ ಅಡುಗೆಮನೆಯಲ್ಲಿ ಎಷ್ಟು ಲೋಟ ಕಾಫಿ ಹರಿದಿದೆ, ಎಷ್ಟು ಎಲೆ ಹಾಕಿ ಅನ್ನ ಬಡಿಸಿದೆ! ಮಾಂಸ ಬೆಂದದ್ದು ಎಷ್ಟು ಸಲ? ಬೆಂದರೂ ಅದು ರೌಡಿಯ ಮನೆ, ಕುಡುಕರ ಪಾರ್ಟಿ. ಕಾ.ತ. ಚಿಕ್ಕಣ್ಣನವರ 'ಹುಚ್ಚೇರಿಯ ಎಸರಿನ ಪ್ರಸಂಗ' ಕತೆಯನ್ನು ಚಂಪಾ ಶೆಟ್ಟಿಯವರು 2022ರಲ್ಲಿ 'ಕೋಳಿ ಎಸ್ರು' ಅಂತ ಸಿನಿಮಾ ಮಾಡಿದಾಗ ಒಬ್ಬ ತಾಯಿ, ಒಬ್ಬ ಮಗಳು, ಒಂದು ಪಾತ್ರೆ ಕೋಳಿಸಾರಿನ ಆಸೆ ಇಡೀ ಚಿತ್ರವನ್ನು ಎಳೆದುಕೊಂಡು ಹೋಯಿತು. ಹಸಿವನ್ನು ತೋರಿಸಿದ ಚಿತ್ರಗಳು ಬೇಕಾದಷ್ಟಿವೆ. ಬಾಯಿರುಚಿಯ ಆಸೆಯೂ ಬಡವರ ಹಕ್ಕು ಅಂತ ತೋರಿಸಿದವು ಕಮ್ಮಿ. ಇಂಥ ವಿಷಯಕ್ಕೆ ದೊಡ್ಡ ಬಂಡವಾಳ ಬರುವುದಿಲ್ಲ. ಸಣ್ಣ ಬಜೆಟ್ಟಿನ ನಿಜವಾದ ಲಾಭ ಇದು.

ಜೈಶಂಕರ್ ಆರ್ಯರ್ ಅವರ 'ಶಿವಮ್ಮ' (2022) ಇನ್ನೊಂದು. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ ಬಿಸಿಯೂಟದ ಅಡುಗೆಯಾಕೆ ನೆಟ್‌ವರ್ಕ್ ಮಾರ್ಕೆಟಿಂಗಿನ ಪುಡಿ ಮಾರಿ ಶ್ರೀಮಂತಳಾಗಲು ಹೊರಡುತ್ತಾಳೆ. ಶರಣಮ್ಮ ಚೆಟ್ಟಿ ಆ ಪಾತ್ರ. ಬುಸಾನ್ ಉತ್ಸವದಲ್ಲಿ ಪ್ರಶಸ್ತಿ ಬಂದು, ನಮ್ಮ ಥಿಯೇಟರಿಗೆ ಬರಲು 2024 ಆಯಿತು. ಆ ಹೆಂಗಸನ್ನು ನೋಡಿ ಅಯ್ಯೋ ಅನ್ನಲು ನಿರ್ದೇಶಕ ಬಿಡುವುದಿಲ್ಲ, ಬುದ್ಧಿ ಹೇಳಲೂ ಬಿಡುವುದಿಲ್ಲ. ನಮ್ಮ ಬೀದಿಯಲ್ಲೂ ಅಂಥ ಪುಡಿ ಮಾರಿ ಸಾಲ ಮಾಡಿಕೊಂಡ ಹೆಂಗಸರಿದ್ದಾರೆ.

ಇವನ್ನೆಲ್ಲ ಹುಡುಕುವುದು ಹೆಂಗೆ? ಎಂಬತ್ತರ ದಶಕದಲ್ಲಿ ಭಾನುವಾರ ಮಧ್ಯಾಹ್ನ ದೂರದರ್ಶನದಲ್ಲಿ ಬೇರೆ ಬೇರೆ ಭಾಷೆಯ ಪ್ರಶಸ್ತಿ ಚಿತ್ರಗಳು ಬರುತ್ತಿದ್ದವು. ಟಿ.ವಿ. ಇದ್ದವರ ಕಿಟಕಿಗೆ ಜೋತುಬಿದ್ದು, ಹಾಡು ಫೈಟು ಬರುತ್ತೆ ಅಂತ ಕಾದು, ಬೈದುಕೊಂಡು ಎದ್ದುಹೋದವರೇ ಹೆಚ್ಚು. ಆದರೂ ಕೆಲವು ಮುಖಗಳು ಕಣ್ಣಲ್ಲಿ ಉಳಿದವು. 1971ರಲ್ಲಿ ಶುರುವಾದ ಸುಚಿತ್ರ ಫಿಲ್ಮ್ ಸೊಸೈಟಿ ದೊಡ್ಡ ಕೆಲಸ ಮಾಡಿದೆ, ಅದಿರುವುದು ಬನಶಂಕರಿಯಲ್ಲಿ. ಬೆಂಗಳೂರು ಚಿತ್ರೋತ್ಸವ 2006ರಲ್ಲಿ ಆರಂಭವಾಯಿತು, ಎಷ್ಟೋ ವರ್ಷ ನಮಗೆ ಹತ್ತಿರದ ಒರಾಯನ್ ಮಾಲಿನಲ್ಲೇ ನಡೆಯಿತು. ಆದರೆ ಹಗಲು ಹೊತ್ತು ದುಡಿಯುವವರಿಗೆ ಬೆಳಗ್ಗೆ ಹತ್ತರ ಶೋ ಯಾವ ದೂರದಲ್ಲಿದ್ದರೇನು? ಈಗ ಫೋನಿನಲ್ಲಿ ಕೆಲವು ಸಿಗುತ್ತವೆ. ಕೈಯಗಲದ ಪರದೆಯಲ್ಲಿ ಒಬ್ಬೊಬ್ಬರೇ ನೋಡುವುದಕ್ಕೂ ಬೀದಿಯಲ್ಲಿ ಒಟ್ಟಿಗೆ ಕೂತು ನೋಡುವುದಕ್ಕೂ ವ್ಯತ್ಯಾಸವಿದೆ; ಒಬ್ಬನೇ ನೋಡಿದ್ದರೆ ನನಗೆ ಆ ಅಕ್ಕನ ಪ್ರಶ್ನೆ ಸಿಗುತ್ತಿರಲಿಲ್ಲ.

ಹೊರಗಿನ ಎರಡು ಉದಾಹರಣೆ ನಮಗೆ ಉಪಯೋಗಕ್ಕೆ ಬರುತ್ತವೆ. ಕೇರಳದಲ್ಲಿ ಜಾನ್ ಅಬ್ರಹಾಂ ಮತ್ತು ಗೆಳೆಯರ 'ಒಡೆಸ್ಸಾ' ಬಳಗ ಊರೂರು ತಿರುಗಿ ಸಿನಿಮಾ ತೋರಿಸಿ, ಜನರಿಂದ ಚಿಲ್ಲರೆ ಎತ್ತಿ, 1986ರಲ್ಲಿ 'ಅಮ್ಮ ಅರಿಯಾನ್' ತೆಗೆಯಿತು. ಅಮೆರಿಕದ ಚಾರ್ಲ್ಸ್ ಬರ್ನೆಟ್ ಅನ್ನುವ ಕಪ್ಪು ವಿದ್ಯಾರ್ಥಿ ಲಾಸ್ ಏಂಜಲೀಸಿನ ತನ್ನ ವಾಟ್ಸ್ ಕೇರಿಯಲ್ಲೇ, ವಾರದ ರಜೆಗಳಲ್ಲಿ, 10 ಸಾವಿರ ಡಾಲರಿಗೂ ಕಡಿಮೆ ಖರ್ಚಿನಲ್ಲಿ, ಕಸಾಯಿಖಾನೆ ಕೂಲಿಯೊಬ್ಬನ ಕತೆ 'ಕಿಲ್ಲರ್ ಆಫ್ ಶೀಪ್' ಮಾಡಿದ. ಅದರಲ್ಲಿ ಬಳಸಿದ ಹಾಡುಗಳ ಹಕ್ಕಿನ ದುಡ್ಡು ಕಟ್ಟಲಾಗದೆ 2007ರವರೆಗೂ ಅದು ಥಿಯೇಟರು ಕಾಣಲಿಲ್ಲ. ಸಿನಿಮಾ ಮಾಡುವ ಖರ್ಚು ಬೇರೆ, ಜನರಿಗೆ ತಲುಪಿಸುವ ಖರ್ಚು ಬೇರೆ. ಎರಡನೆಯದನ್ನು ಬಡವರ ಸಿನಿಮಾ ಯಾವತ್ತೂ ಭರಿಸಲಾಗಿಲ್ಲ. ಇಲ್ಲಿ ಸಂಘಟನೆಗಳು ಕೈಹಾಕಬಹುದು. ಸಂಘದ ಸಭೆಗೆ ಪೆಂಡಾಲು, ಮೈಕು ಹಾಕುತ್ತೇವೆ. ಅದೇ ಪೆಂಡಾಲಿನಲ್ಲಿ ರಾತ್ರಿ ಒಂದು ಸಿನಿಮಾ ಹಾಕಬಹುದು.

ನಮ್ಮ ಅನುಭವದಿಂದ ಕೆಲವು ಮಾತು. ಕದ್ದ ಕಾಪಿ ಹಾಕಬೇಡಿ, ನಿರ್ದೇಶಕರನ್ನೇ ಕೇಳಿ. ನಾವು ಕೇಳಿದವರಲ್ಲಿ ಹೆಚ್ಚಿನವರು ಒಪ್ಪಿದ್ದಾರೆ. ತಟ್ಟೆ ಹಿಡಿದು ಬಂದದ್ದರಲ್ಲಿ ಅವರಿಗೂ ಪಾಲು ಕಳಿಸಿ. ಪ್ರೊಜೆಕ್ಟರ್ ಸಾಧಾರಣದ್ದಾದರೂ ನಡೆಯುತ್ತದೆ, ಸ್ಪೀಕರ್ ಚೆನ್ನಾಗಿರಬೇಕು. ಓಕಳಿಪುರಂನಲ್ಲಿ ರೈಲು ಹೋದಾಗಲೆಲ್ಲ ಮಾತು ಮುಚ್ಚಿಹೋಗುತ್ತದೆ. ಸಬ್‌ಟೈಟಲ್ ಓದಲಾಗದವರಿಗೆ ಕಾಲೇಜಿನ ಇಬ್ಬರು ಹುಡುಗಿಯರು ಮೈಕಿನಲ್ಲಿ ಕನ್ನಡ, ತಮಿಳು ಎರಡರಲ್ಲೂ ಹೇಳಿದರು, ಅದೇ ಒಂದು ಕಲೆಯಾಗಿತ್ತು.

ಉತ್ಸವ್ ಗೋನವಾರ ಅವರ 'ಫೋಟೋ' ತೋರಿಸಿದ ದಿನ ಮಾತ್ರ ಯಾರೂ ಅನುವಾದ ಕೇಳಲಿಲ್ಲ. ರಾಯಚೂರು ಕಡೆಯ ಹುಡುಗ ವಿಧಾನಸೌಧದ ಮುಂದೆ ಒಂದು ಫೋಟೋ ತೆಗೆಸಿಕೊಳ್ಳಲು, ಗಾರೆ ಕೆಲಸದ ಅಪ್ಪನ ಬಳಿ ಬೆಂಗಳೂರಿಗೆ ಬಂದು ಲಾಕ್‌ಡೌನಿಗೆ ಸಿಕ್ಕಿಕೊಳ್ಳುತ್ತಾನೆ. ಸ್ಟೇಷನ್ನಿನ ಬೆನ್ನಿಗೆ ಇರುವ ನಾವು 2020ರಲ್ಲಿ ಆ ಜನರನ್ನು ಕಣ್ಣಾರೆ ನೋಡಿದವರು. ಮೇ ಮೊದಲ ವಾರ ಮೆಜೆಸ್ಟಿಕ್ಕಿನಿಂದ ಬಸ್ ಬಿಟ್ಟಾಗ ಎರಡು ಪಟ್ಟು ಚಾರ್ಜು ಕೇಳಿ, ಗಲಾಟೆಯಾದ ಮೇಲೆ ಪುಕ್ಕಟೆ ಮಾಡಿದ್ದು ಎಲ್ಲರಿಗೂ ನೆನಪಿತ್ತು. ಚರ್ಚೆ ರಾತ್ರಿ ಹನ್ನೆರಡಾದರೂ ನಿಲ್ಲಲಿಲ್ಲ, ಸಿನಿಮಾದ ಮಾತಿಗಿಂತ ಚಾರ್ಜಿನ ಮಾತೇ ಹೆಚ್ಚಾಯಿತು.

ಮುಂದಿನದು ಮಂಸೋರೆಯವರ 'ಹರಿವು' (2014). ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡ ಮಗನನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಊರಿಗೆ ಒಯ್ಯುವ ಅಪ್ಪನ ಕತೆ. ಒಪ್ಪಿಗೆ ಕೇಳಿ ಬರೆದಿದ್ದೇವೆ.